ಗಣಕಕ್ಕೆ ಕನ್ನಡದ ಪಾಠ : ಶಾಬ್ದಬೋಧದ ದೃಷ್ಟಿಯಿಂದ ಒಂದು ವಿವೇಚನೆ

ಪದಗಳನ್ನು ಒಂದರ ಪಕ್ಕದಲ್ಲೊಂದು ಇರಿಸಿದ ಮಾತ್ರಕ್ಕೆ ವಾಕ್ಯವಾಗದು. ಅವುಗಳಿಂದ ಅರ್ಥಬೋಧವುಂಟಾಗಬೇಕಾದರೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರು ಕಾರಣಗಳು ಕೂಡಿಬರಬೇಕೆಂದು ನಮ್ಮ ತರ್ಕಶಾಸ್ತ್ರವು ಸಾರುತ್ತದೆ. ಅನ್ನಂಭಟ್ಟನ ತರ್ಕಸಂಗ್ರಹವನ್ನು ಓದಿದ ವಿದ್ಯಾರ್ಥಿಗಳಿಗೆಲ್ಲ ಇದರ ಉದಾಹರಣೆಗಳು ಬಾಯಿಪಾಠವಾಗಿರುತ್ತವೆ. ಹಸು, ಕುದುರೆ, ಆನೆ ಎಂದಷ್ಟೇ ನುಡಿದರೆ ಒಂದು ಪದಕ್ಕೆ ಮತ್ತೊಂದರ ಅಪೇಕ್ಷೆಯಿಲ್ಲ. ಅಲ್ಲಿ ಆಕಾಂಕ್ಷೆ ಇಲ್ಲ. ಬೆಂಕಿಯಿಂದ ಗಿಡವನ್ನು ನೆನೆಸು ಎಂದರೆ ಪದಗಳ ಅನ್ವಯವೇನೋ ಸರಿ, ನೆನೆಸುವ ಯೋಗ್ಯತೆ ಬೆಂಕಿಗಿಲ್ಲ. ಬೆಳಿಗ್ಗೆ ‘ಹಸುವನ್ನು’ ಎಂದು ಹೇಳಿ, ಸಂಜೆ ‘ಕಟ್ಟು’ ಎಂದರೆ ಸನ್ನಿಧಿ ತಪ್ಪಿತು. ಪಾಠಶಾಲೆಯ ಗೋಡೆಗಳೊಳಗೆ ಉಳಿದುಬಂದಿದ್ದ ಈ ಚರ್ಚೆಗೆ ಇಂದು ಅನಿರೀಕ್ಷಿತವಾದ ಕಡೆಯಿಂದ ಕೆಲಸ ಒದಗಿಬಂದಿದೆ. ಕೃತಕ ಬುದ್ಧಿಮತ್ತೆ ಎಂಬ ಹೆಸರಿನಿಂದ ಪ್ರಸಿದ್ಧವಾಗಿರುವ ಗಣಕವಿದ್ಯೆಯ ಶಾಖೆಯು ಕನ್ನಡವನ್ನು ಓದುವ, ಬರೆಯುವ, ಭಾಷಾಂತರಿಸುವ ಕಾರ್ಯಕ್ಕೆ ಕೈಯಿಕ್ಕಿರುವುದೇ ಇದಕ್ಕೆ ಕಾರಣ. ಆ ಕಾರ್ಯದ ಸ್ವರೂಪವೇನು, ಅದರಿಂದ ನಮಗಾಗುವ ಪ್ರಯೋಜನವೆಷ್ಟು, ಅದರಲ್ಲಿ ಅಡಗಿರುವ ಅಪಾಯವೆಂತಹುದು ಎಂಬುದನ್ನು ಒಬ್ಬ ವೈಯಾಕರಣನಿಗೆ ಕಂಡ ಮಟ್ಟಿಗೆ ಈ ಲೇಖನದಲ್ಲಿ ನಿರೂಪಿಸಲು ಯತ್ನಿಸಲಾಗಿದೆ.

ಮೊದಲು ಹೆಸರಿನ ವಿಷಯ. ಅಮೆರಿಕದ ಗಣಿತಜ್ಞ ಜಾನ್ ಮೆಕಾರ್ಥಿ ಮೊದಲಾದವರು ೧೯೫೬ರ ಬೇಸಿಗೆಯಲ್ಲಿ ಡಾರ್ಟ್‌ಮತ್ ಎಂಬಲ್ಲಿ ಸೇರಲು ನಿಶ್ಚಯಿಸಿ, ಅದಕ್ಕಾಗಿ ಹಿಂದಿನ ವರ್ಷ ಬರೆದ ಯೋಜನಾಪತ್ರದಲ್ಲಿ ಈ ಹೆಸರನ್ನು ಬಳಸಿದರು. ಅದಕ್ಕೂ ಮುನ್ನ ೧೯೫೦ರಲ್ಲಿಯೇ ಇಂಗ್ಲೆಂಡಿನ ಅಲನ್ ಟ್ಯೂರಿಂಗ್ ಯಂತ್ರವು ಯೋಚಿಸಬಲ್ಲುದೇ ಎಂಬ ಪ್ರಶ್ನೆಯನ್ನೆತ್ತಿ ಒಂದು ಪ್ರೌಢ ಪ್ರಬಂಧವನ್ನು ರಚಿಸಿದ್ದನು. ಮನಸ್ಸು, ಬುದ್ಧಿ, ಚಿತ್ತ, ಅಹಂಕಾರಗಳೆಂದು ಅಂತಃಕರಣವನ್ನು ನಾಲ್ಕಾಗಿ ವಿಂಗಡಿಸಿ ನೋಡುವ ನಮ್ಮವರಿಗೆ ಇಲ್ಲಿ ‘ಬುದ್ಧಿ’ ಎಂಬ ಪದವನ್ನು ಪ್ರಯೋಗಿಸಿದವರು ಕೊಂಚ ಹೆಚ್ಚು ಉದಾರಿಗಳಾದರೆಂದು ತೋರಿದರೆ ಆಶ್ಚರ್ಯವಿಲ್ಲ. ಹೆಸರು ರೂಢವಾಗಿಹೋಗಿದೆ, ರೂಢಿಯು ಯೋಗಾರ್ಥವನ್ನು ಮೀರುವುದು ಶಾಸ್ತ್ರಸಮ್ಮತವೇ ಆಗಿರುವುದರಿಂದ ಆ ವಿಚಾರವನ್ನು ಬೆಳೆಸುವುದಿಲ್ಲ.

ಗಣಕಕ್ಕೆ ಕನ್ನಡವನ್ನು ಕಲಿಸಬೇಕಾದರೆ ಅಕ್ಷರಾಭ್ಯಾಸದಿಂದಲೇ ಆರಂಭವಾಗಬೇಕು. ಯಂತ್ರಕ್ಕೆ ಅಂಕಿಗಳ ಹೊರತು ಬೇರೇನೂ ತಿಳಿಯದ ಕಾರಣ ಪ್ರತಿಯೊಂದು ಅಕ್ಷರಕ್ಕೂ ಒಂದೊಂದು ಸಂಕೇತಾಂಕವನ್ನು ಗೊತ್ತುಮಾಡಬೇಕಾಗುತ್ತದೆ. ಭಾರತೀಯ ಲಿಪಿಗಳಿಗಾಗಿ ‘ಇಸ್ಕಿ’ ಎಂಬ ಮಾನಕವು ೧೯೯೧ರಲ್ಲಿ ಸಿದ್ಧವಾಯಿತು. ಅದೇ ವರ್ಷ ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಸಂಕೇತವ್ಯವಸ್ಥೆಯನ್ನು ಕಲ್ಪಿಸುವ ಯೂನಿಕೋಡ್‌ನ ಮೊದಲ ಆವೃತ್ತಿ ಪ್ರಕಟವಾಗಿ, ಅದರಲ್ಲಿ ಕನ್ನಡಕ್ಕೆ ೧೨೮ ಸ್ಥಾನಗಳ ಒಂದು ಕೋಷ್ಠಕವು ದೊರೆಯಿತು. ಆದರೂ ಬಹುಕಾಲ ನಮ್ಮ ಮುದ್ರಣಾಲಯಗಳಲ್ಲಿಯೂ ಕಚೇರಿಗಳಲ್ಲಿಯೂ ಒಂದೊಂದು ತಂತ್ರಾಂಶವು ತನ್ನದೇ ಆದ ಅಕ್ಷರಸಂಕೇತವನ್ನು ಬಳಸುತ್ತಿತ್ತು. ಒಂದರಲ್ಲಿ ಬೆರಳಚ್ಚಿಸಿದುದನ್ನು ಇನ್ನೊಂದರಲ್ಲಿ ತೆರೆದರೆ ಭೂತಲಿಪಿಯಂತೆ ಕಾಣಿಸುತ್ತಿದ್ದ ಆ ದಿನಗಳನ್ನು ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಬಲ್ಲರು.

ಯೂನಿಕೋಡ್‌ನ ಕನ್ನಡ ವ್ಯವಸ್ಥೆಯಲ್ಲಿ ವೈಯಾಕರಣನಿಗೆ ಸಂತೋಷವನ್ನುಂಟುಮಾಡುವ ಒಂದು ಅಂಶವಿದೆ. ಅಲ್ಲಿ ಅಕ್ಷರಗಳನ್ನು ಬರೆಹದ ಆಕಾರಕ್ಕನುಗುಣವಾಗಿ ಅಲ್ಲ, ಉಚ್ಚಾರಣೆಯ ಕ್ರಮಕ್ಕನುಗುಣವಾಗಿ ಜೋಡಿಸಲಾಗುತ್ತದೆ. ‘ಅರ್ಕ’ ಎಂಬಲ್ಲಿ ರೇಫವು ಕಣ್ಣಿಗೆ ಕಕಾರದ ಬಲಕ್ಕೆ ಕಂಡರೂ ಗಣಕದ ಸ್ಮೃತಿಯಲ್ಲಿ ಅದು ಕಕಾರಕ್ಕಿಂತ ಮೊದಲೇ ನಿಲ್ಲುತ್ತದೆ. ‘ಸ್ತ್ರೀ’ ಎಂಬ ಒಂದೇ ಅಕ್ಷರವು ಸಕಾರ, ವಿರಾಮ, ತಕಾರ, ವಿರಾಮ, ರಕಾರ, ಈಕಾರದ ಚಿಹ್ನೆ ಎಂದು ಆರು ಸಂಕೇತಗಳಾಗಿ ಬಿಡಿಸಿಕೊಳ್ಳುತ್ತದೆ. ‘ಕ್ಷ’ ಎಂಬುದು ಸ್ವತಂತ್ರ ವರ್ಣವಲ್ಲ, ಸಂಯುಕ್ತವೆಂದು ನಾವು ಮಕ್ಕಳಿಗೆ ಹೇಳಿಕೊಡುವುದು ಅಲ್ಲಿಯೂ ಹಾಗೆಯೇ ಪಾಲಿತವಾಗಿದೆ. ಸಂತೋಷದ ಜೊತೆಗೆ ಒಂದು ಖೇದವೂ ಉಂಟು. ಹಳಗನ್ನಡದ ಶಕಟರೇಫ ಮತ್ತು ರಳಗಳಿಗೆ, ಎಂದರೆ ‘ಱ’ ಮತ್ತು ‘ೞ’ಗಳಿಗೆ, ಆ ಕೋಷ್ಠಕದಲ್ಲಿ ಸ್ಥಾನವಿದೆ, ಆದರೆ ರಳಕ್ಕೆ ಇಟ್ಟ ಅಧಿಕೃತ ನಾಮಧೇಯ ಮಾತ್ರ ‘ಕನ್ನಡದ ಫ ಅಕ್ಷರ’ ಎಂದು! ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ ಆ ತಪ್ಪು ಇಂದಿಗೂ ಹಾಗೆಯೇ ನಿಂತಿದ್ದು, ಸರಿಯಾದ ಹೆಸರನ್ನು ಪಕ್ಕದಲ್ಲಿ ಉಪನಾಮವಾಗಿ ಸೇರಿಸಿದ್ದಾರೆ. ಕೇಶಿರಾಜನು ಹದಿಮೂರನೆಯ ಶತಮಾನದಲ್ಲಿ ಎಷ್ಟೋ ಶ್ರಮಪಟ್ಟು ಯಾವ ಪದಗಳಲ್ಲಿ ರಳವುಂಟೆಂದು ನಿರ್ಣಯಿಸಿಕೊಟ್ಟ ಅಕ್ಷರದ ಗತಿ ಇದು. ಹಳಗನ್ನಡವನ್ನು ಬಲ್ಲ ಒಬ್ಬ ಉಪಾಧ್ಯಾಯನನ್ನು ಕೇಳಿದ್ದರೆ ಒಂದು ಕ್ಷಣದಲ್ಲಿ ತಪ್ಪುತ್ತಿದ್ದ ಪ್ರಮಾದವಲ್ಲವೇ?

ಅಕ್ಷರಾಭ್ಯಾಸದ ನಂತರ ಓದು. ಮುದ್ರಿತ ಪುಟದ ಚಿತ್ರವನ್ನು ನೋಡಿ ಅಕ್ಷರಗಳನ್ನು ಗುರುತಿಸುವ ವಿದ್ಯೆಯು ಕನ್ನಡಕ್ಕೆ ಸುಲಭವಾಗಿ ಒಲಿಯಲಿಲ್ಲ. ಮೂವತ್ತನಾಲ್ಕು ವ್ಯಂಜನಗಳಿಗೆ ಹದಿಮೂರು ಸ್ವರಗಳನ್ನು ಕೂಡಿಸಿದರೆ ೪೪೨ ಗುಣಿತಾಕ್ಷರಗಳಾಗುತ್ತವೆ. ಒಂದು ಒತ್ತನ್ನು ಸೇರಿಸಿದರೆ ಗಣಿತದ ಲೆಕ್ಕಕ್ಕೆ ೧೫,೦೨೮. ಇವುಗಳಲ್ಲಿ ಭಾಷೆಯು ವಸ್ತುತಃ ಬಳಸುವುದು ಅಲ್ಪಭಾಗವನ್ನೇ ಆದರೂ ಆ ಅಲ್ಪಭಾಗವೂ ಇಂಗ್ಲಿಷಿನ ಇಪ್ಪತ್ತಾರರ ಮುಂದೆ ಸಮುದ್ರವೇ ಸರಿ. ಪಕಾರ ವಕಾರಗಳಿಗೂ, ದ-ಧ-ಥಗಳಿಗೂ ನಡುವಣ ಭೇದವು ಒಂದು ಸಣ್ಣ ಗೀಟಿನಷ್ಟು. ಸವೆದ ಅಚ್ಚುಮೊಳೆಯಿಂದ ಮುದ್ರಿಸಿದ ಹಳೆಯ ಪುಸ್ತಕದಲ್ಲಿ ಆ ಗೀಟೂ ಮಾಸಿರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಈ ಕ್ಷೇತ್ರದಲ್ಲಿ ನಡೆದ ದೀರ್ಘಕಾಲದ ಸಂಶೋಧನೆಯ ಫಲವಾಗಿ ‘ಲಿಪಿಜ್ಞಾನಿ’ ಎಂಬ ತಂತ್ರಾಂಶವು ರೂಪುಗೊಂಡಿತು. ಕನ್ನಡ ಲಿಪಿಯಲ್ಲಿ ಅಚ್ಚಾದ ಸಂಸ್ಕೃತ, ತುಳು, ಕೊಂಕಣಿಗಳನ್ನೂ ಓದುವ ಗುರಿ ಅದರದು. ಹೀಗೆ ಓದಿದ ಪಾಠವನ್ನು ಧ್ವನಿಯಾಗಿ ಮಾರ್ಪಡಿಸುವ ವಿದ್ಯೆಯೂ ಜೊತೆಗೂಡಿದರೆ ಅಂಧ ವಿದ್ಯಾರ್ಥಿಯು ಮತ್ತೊಬ್ಬರ ಹಂಗಿಲ್ಲದೆ ಪುಸ್ತಕವನ್ನು ಕೇಳಿಸಿಕೊಳ್ಳಬಲ್ಲನು. ಈ ಸಮಸ್ತ ತಂತ್ರಜ್ಞಾನದಲ್ಲಿ ಇದಕ್ಕಿಂತ ನಿರ್ವಿವಾದವಾದ ಉಪಕಾರವನ್ನು ನಾನು ಕಾಣೆ.

ಇನ್ನು ಪದವಿಭಾಗ, ವಾಕ್ಯವಿಚಾರಗಳಿಗೆ ಬರೋಣ. ಇಲ್ಲಿಯೇ ವ್ಯಾಕರಣದ ನಿಜವಾದ ಪರೀಕ್ಷೆ. ‘ಮಾಡಿಸಿಕೊಂಡಿದ್ದವರಿಗೂ’ ಎಂಬ ಒಂದೇ ರೂಪದಲ್ಲಿ ಧಾತು, ಪ್ರೇರಣಾರ್ಥಕ ಪ್ರತ್ಯಯ, ಎರಡು ಸಹಾಯಕ ಧಾತುಗಳು, ಕೃದಂತ, ಸರ್ವನಾಮ, ಚತುರ್ಥೀ ವಿಭಕ್ತಿ, ಸಮುಚ್ಚಯ ಎಲ್ಲವೂ ಅಡಗಿವೆ. ಇಂಗ್ಲಿಷಿನಲ್ಲಿ ಏಳೆಂಟು ಪದಗಳಾಗಿ ಬಿಡಿಬಿಡಿಯಾಗಿ ನಿಲ್ಲುವುದು ನಮ್ಮಲ್ಲಿ ಒಂದೇ ಹೆಣಿಗೆಯಾಗಿರುವುದರಿಂದ, ಪದಗಳ ಪಟ್ಟಿಯೊಂದನ್ನು ಗಣಕಕ್ಕೆ ಒಪ್ಪಿಸಿ ಸುಮ್ಮನಾಗುವಂತಿಲ್ಲ. ಸಂಧಿಯನ್ನು ಮಾಡುವುದು ಸುಲಭ, ಬಿಡಿಸುವುದು ಕಷ್ಟ. ಮಳೆ ಮತ್ತು ಕಾಲ ಸೇರಿದರೆ ‘ಮಳೆಗಾಲ’ ಎಂಬ ಆದೇಶಸಂಧಿಯ ನಿಯಮವನ್ನು ಹಿಂದುಮುಂದಾಗಿಸಿ, ಗಕಾರ ಕಂಡಲ್ಲೆಲ್ಲ ಕಕಾರವನ್ನು ಮರಳಿಸೆಂದು ಯಂತ್ರಕ್ಕೆ ವಿಧಿಸಿದೆವೆನ್ನಿ. ‘ಹೂಗೊಂಚಲು’ ಎಂಬುದನ್ನು ಅದು ಹೂ ಮತ್ತು ‘ಕೊಂಚಲು’ ಎಂದು ಬಿಡಿಸಿ ನಮ್ಮ ಮುಂದಿಡುತ್ತದೆ. ಲೋಪಸಂಧಿಯಲ್ಲಿ ಇದಕ್ಕಿಂತ ಸೂಕ್ಷ್ಮವಾದ ತೊಡಕಿದೆ. ‘ಹಾಡಿಲ್ಲ’ ಎಂಬ ರೂಪವನ್ನು ತೆಗೆದುಕೊಳ್ಳಿ. ಹಾಡು ಇಲ್ಲ ಎಂದೂ ಆಗಬಹುದು, ಹಾಡಿ ಇಲ್ಲ ಎಂದೂ ಆಗಬಹುದು. ‘ಅವಳು ಇನ್ನೂ ಹಾಡಿಲ್ಲ’ ಎಂಬಲ್ಲಿ ಕರ್ತೃಪದವು ಕ್ರಿಯೆಯನ್ನು ಆಕಾಂಕ್ಷಿಸುವುದರಿಂದ ಎರಡನೆಯ ವಿಭಾಗವೇ ಸಾಧು. ‘ಆ ನಾಟಕದಲ್ಲಿ ಹಾಡಿಲ್ಲ’ ಎಂದಷ್ಟೇ ಇದ್ದರೆ? ಹಿಂದಿನ ವಾಕ್ಯವನ್ನು ನೋಡದ ಹೊರತು ಮನುಷ್ಯನೂ ನಿರ್ಣಯಿಸಲಾರ. ಆದುದರಿಂದ ಸಂಧಿವಿಚ್ಛೇದವೆಂಬುದು ವರ್ಣಗಳ ಲೆಕ್ಕ ಮಾತ್ರವಲ್ಲ, ಶಾಬ್ದಬೋಧದ ಮೊದಲ ಮೆಟ್ಟಿಲು ಎಂಬುದನ್ನು ಗಣಕವು ನಮಗೆ ಮತ್ತೆ ನೆನಪಿಸಿದೆ.

ಯಂತ್ರಾನುವಾದದ ಚರಿತ್ರೆಯೂ ಈ ಪಾಠವನ್ನು ಕಷ್ಟಪಟ್ಟು ಕಲಿತ ಚರಿತ್ರೆಯೇ. ೧೯೫೪ರ ಜನವರಿಯಲ್ಲಿ ಅಮೆರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾಲಯ ಮತ್ತು ಐ.ಬಿ.ಎಂ. ಸಂಸ್ಥೆಗಳು ೨೫೦ ಪದಗಳ ಕೋಶವನ್ನೂ ಕೇವಲ ಆರು ವ್ಯಾಕರಣಸೂತ್ರಗಳನ್ನೂ ಇಟ್ಟುಕೊಂಡು ಅರುವತ್ತಕ್ಕೂ ಮಿಕ್ಕ ರಷ್ಯನ್ ವಾಕ್ಯಗಳನ್ನು ಇಂಗ್ಲಿಷಿಗೆ ತಿರುಗಿಸಿ ತೋರಿಸಿದಾಗ, ಕೆಲವೇ ವರ್ಷಗಳಲ್ಲಿ ಸಮಸ್ಯೆ ಬಗೆಹರಿಯುವುದೆಂಬ ಭರವಸೆ ಹುಟ್ಟಿತು. ೧೯೬೬ರಲ್ಲಿ ಅಲ್ಲಿಯ ಸರ್ಕಾರಕ್ಕೆ ಸಲ್ಲಿಸಲಾದ ವರದಿಯೊಂದು ಆ ಭರವಸೆಯನ್ನು ಹುಸಿಗೊಳಿಸಿ, ಧನಸಹಾಯವೂ ಕ್ಷೀಣಿಸಿತು. ಆರು ಸೂತ್ರಗಳಿಂದ ಒಂದು ಭಾಷೆಯನ್ನು ಗೆಲ್ಲಬಹುದೆಂದು ಭಾವಿಸಿದವರು ಪಾಣಿನಿಯ ಸುಮಾರು ನಾಲ್ಕು ಸಾವಿರ ಸೂತ್ರಗಳನ್ನು ಒಮ್ಮೆ ಕಣ್ಣೆತ್ತಿ ನೋಡಿದ್ದರೆ ಅಷ್ಟು ಅವಸರಪಡುತ್ತಿರಲಿಲ್ಲವೇನೋ. ಪಾಣಿನಿಯತ್ತ ದೃಷ್ಟಿ ಹರಿದದ್ದು ಮುಂದೆ. ೧೯೮೫ರಲ್ಲಿ ರಿಕ್ ಬ್ರಿಗ್ಸ್ ಎಂಬ ಅಮೆರಿಕದ ಸಂಶೋಧಕನು, ಜ್ಞಾನವನ್ನು ಯಂತ್ರಕ್ಕೆ ನಿರೂಪಿಸುವ ಆಧುನಿಕ ಕ್ರಮಕ್ಕೂ ನಮ್ಮ ವೈಯಾಕರಣರು ವಾಕ್ಯಾರ್ಥವನ್ನು ಬಿಡಿಸಿ ಹೇಳುವ ಕ್ರಮಕ್ಕೂ ಇರುವ ಸಾದೃಶ್ಯವನ್ನು ತೋರಿಸಿ ಲೇಖನವೊಂದನ್ನು ಬರೆದನು. ಮರುವರ್ಷವೇ ಬೆಂಗಳೂರಿನಲ್ಲಿ ಶಾಸ್ತ್ರಪಂಡಿತರೂ ಗಣಕವಿಜ್ಞಾನಿಗಳೂ ಒಂದೇ ವೇದಿಕೆಯಲ್ಲಿ ಕುಳಿತು ಈ ವಿಷಯವನ್ನು ಚರ್ಚಿಸಿದರು. ಆ ಲೇಖನವನ್ನು ಆಧಾರವಾಗಿಟ್ಟುಕೊಂಡು, ಗಣಕಕ್ಕೆ ಸಂಸ್ಕೃತವೇ ಅತ್ಯುತ್ತಮ ಭಾಷೆಯೆಂದು ಅಮೆರಿಕದ ಬಾಹ್ಯಾಕಾಶ ಸಂಸ್ಥೆಯು ಘೋಷಿಸಿದೆಯೆಂದು ಸಭೆಗಳಲ್ಲಿ ಹೇಳುವುದುಂಟು. ಬ್ರಿಗ್ಸ್ ಹೇಳಿದ್ದು ಅದನ್ನಲ್ಲ. ಆ ಸಂಸ್ಥೆ ಹಾಗೆ ಘೋಷಿಸಿಯೂ ಇಲ್ಲ. ಶಾಸ್ತ್ರದ ಗೌರವವನ್ನು ಕಾಯಲು ಇಂತಹ ಕಟ್ಟುಕತೆಯ ಆಸರೆ ಬೇಕಿಲ್ಲವೆಂದು ನಮ್ಮ ಉಪಾಧ್ಯಾಯ ಬಂಧುಗಳಲ್ಲಿ ವಿನಯಪೂರ್ವಕವಾಗಿ ನಿವೇದಿಸುತ್ತೇನೆ.

ನಿಜವಾದ ಕೆಲಸ ನಡೆದದ್ದು ಬೇರೆಡೆ, ಸದ್ದಿಲ್ಲದೆ. ಕಾನ್ಪುರದ ಐ.ಐ.ಟಿ.ಯಲ್ಲಿ ವಿನೀತ ಚೈತನ್ಯ, ರಾಜೀವ ಸಂಗಲ್ ಮೊದಲಾದವರು ‘ಅಕ್ಷರ ಭಾರತಿ’ ಎಂಬ ಸಾಮೂಹಿಕ ನಾಮದಿಂದ ಸೇರಿ, ಪಾಣಿನಿಯ ಕಾರಕಸಿದ್ಧಾಂತವನ್ನು ತಳಹದಿಯಾಗಿಟ್ಟು ‘ಅನುಸಾರಕ’ ಎಂಬ ಭಾಷಾಂತರ ಸಾಧನವನ್ನು ನಿರ್ಮಿಸಿದರು. ಅವರು ಆರಿಸಿಕೊಂಡ ಭಾಷೆಗಳಲ್ಲಿ ಕನ್ನಡವೂ ಒಂದು. ಕನ್ನಡ ವಾಕ್ಯವನ್ನು ಹಿಂದೀ ಬಲ್ಲವನು ಅರಿಯುವಂತೆ ಮಾಡುವುದು ಉದ್ದೇಶ. ಸುಂದರವಾದ ಹಿಂದಿಯನ್ನು ಕೊಡುತ್ತೇನೆಂದು ಆ ಸಾಧನವು ಹೇಳಿಕೊಳ್ಳಲಿಲ್ಲ. ಮೂಲದಲ್ಲಿರುವುದನ್ನು ಬಿಡದೆ, ಇಲ್ಲದುದನ್ನು ಸೇರಿಸದೆ, ಸಂದೇಹವಿದ್ದಲ್ಲಿ ಸಂದೇಹವನ್ನೂ ಹಾಗೆಯೇ ಓದುಗನ ಮುಂದಿಡುವ ವ್ರತವನ್ನು ಅದು ಕೈಕೊಂಡಿತ್ತು. ೧೯೯೫ರಲ್ಲಿ ಪ್ರಕಟವಾದ ಅವರ ಗ್ರಂಥವು ಪಾಣಿನೀಯ ದೃಷ್ಟಿಯಿಂದ ಭಾಷಾಸಂಸ್ಕರಣವನ್ನು ಪ್ರತಿಪಾದಿಸುವ ಪ್ರಮಾಣಕೃತಿಯಾಗಿದೆ.

ಅನಂತರದ ಮಾರ್ಗ ಬೇರೆಯಾಯಿತು. ಸೂತ್ರಗಳನ್ನು ಬರೆದುಕೊಡುವ ಬದಲು ಅಪಾರವಾದ ಗ್ರಂಥರಾಶಿಯನ್ನು ಯಂತ್ರದ ಮುಂದೆ ಸುರಿದು, ಯಾವ ಪದದ ಸನ್ನಿಧಿಯಲ್ಲಿ ಯಾವ ಪದವು ಎಷ್ಟು ಬಾರಿ ಬರುತ್ತದೆಂದು ಅದೇ ಎಣಿಸಿಕೊಳ್ಳಲೆಂದು ಬಿಡಲಾಯಿತು. ಗೂಗಲ್ ಸಂಸ್ಥೆಯು ೨೦೧೧ರ ಜೂನ್ ತಿಂಗಳಲ್ಲಿ ತನ್ನ ಭಾಷಾಂತರ ಸೇವೆಗೆ ಕನ್ನಡವನ್ನು ಸೇರಿಸಿಕೊಂಡದ್ದು ಈ ಮಾರ್ಗದಲ್ಲಿಯೇ. ಅದೇ ಸಂಸ್ಥೆಯ ಸಂಶೋಧಕರು ೨೦೧೭ರಲ್ಲಿ ಪ್ರಕಟಿಸಿದ ಹೊಸ ವಿಧಾನದ ಜೀವಾಳವಾದ ತತ್ತ್ವಕ್ಕೆ ಇಟ್ಟ ಹೆಸರನ್ನು ‘ಅವಧಾನ’ ಎಂದೇ ಕನ್ನಡಿಸಬಹುದು. ವಾಕ್ಯದ ಪ್ರತಿಯೊಂದು ಪದವೂ ಉಳಿದ ಪದಗಳಲ್ಲಿ ಯಾವುದರತ್ತ ಎಷ್ಟು ಗಮನವಿಡಬೇಕೆಂಬುದನ್ನು ಅಂಕಿಗಳಲ್ಲಿ ಅಳೆಯುವುದೇ ಅದರ ಸಾರ. ಅಷ್ಟಾವಧಾನ ಶತಾವಧಾನಗಳನ್ನು ಕಂಡ ನಮಗೆ ಹೆಸರು ಪರಿಚಿತವೆನಿಸಿದರೂ ಅರ್ಥದಲ್ಲಿ ಇದು ಆಕಾಂಕ್ಷೆಗೆ ಹತ್ತಿರವಾದುದು: ಕರ್ತೃವು ಕ್ರಿಯೆಯನ್ನೂ ವಿಶೇಷಣವು ವಿಶೇಷ್ಯವನ್ನೂ ಬಯಸುವ ಬಯಕೆಯ ತೂಕ. ೨೦೨೨ರ ನವೆಂಬರಿನಲ್ಲಿ ಸಾರ್ವಜನಿಕರ ಕೈಗೆ ಬಂದ ಚಾಟ್‌ಜಿಪಿಟಿ ಎಂಬ ಸಂವಾದಯಂತ್ರವೂ ಅದರ ನಂತರ ಬಂದ ಬಹುತೇಕ ಸಂವಾದಯಂತ್ರಗಳೂ ಈ ತತ್ತ್ವವನ್ನೇ ಆಶ್ರಯಿಸಿವೆ.

ಇವುಗಳ ಪದಚ್ಛೇದದ ರೀತಿಯನ್ನು ಕೇಳಿದರೆ ವಿದ್ವಾಂಸರು ಕಿವಿ ಮುಚ್ಚಿಕೊಂಡಾರು. ಪ್ರಕೃತಿ ಪ್ರತ್ಯಯಗಳ ಗೊಡವೆಯೇ ಅವಕ್ಕಿಲ್ಲ. ಹೆಚ್ಚು ಸಲ ಜೊತೆಯಾಗಿ ಕಂಡ ತುಣುಕುಗಳನ್ನು ಒಂದಾಗಿಸುತ್ತ, ಉಳಿದುದನ್ನು ಕಂಡಕಂಡಲ್ಲಿ ಕತ್ತರಿಸುತ್ತವೆ. ‘ಸ್ತ್ರೀ’ ಎಂಬುದು ನಡುವೆಯೇ ತುಂಡಾಗುವುದೂ ಉಂಟು. ಅಷ್ಟೇ ಅಲ್ಲ, ರೂಢಿಯಲ್ಲಿರುವ ಸಂಗ್ರಹಕ್ರಮದಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಅಂಶ ಸಾಕಾದರೆ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಅಂಶಗಳು ಬೇಕು. ತುಂಡುಗಳ ಎಣಿಕೆಯ ಮೇಲೆ ಬೆಲೆ ಕಟ್ಟುವ ಕಡೆಗಳಲ್ಲಿ ಒಂದೇ ಅಭಿಪ್ರಾಯವನ್ನು ಕನ್ನಡದಲ್ಲಿ ಕೇಳುವವನು ಹೆಚ್ಚು ತೆರಬೇಕಾಗಿ ಬರುವುದು ಈ ಕಾರಣದಿಂದ. ಹೀಗಿದ್ದೂ ಫಲಿತಾಂಶವು ಬಹುಮಟ್ಟಿಗೆ ಅರ್ಥವತ್ತಾಗಿರುತ್ತದೆಂಬುದು ವಿಸ್ಮಯದ ಸಂಗತಿ, ಒಪ್ಪಿಕೊಳ್ಳಲೇಬೇಕು.

ಪ್ರಯೋಜನಗಳನ್ನು ಕುರಿತು ಸಂಕ್ಷೇಪವಾಗಿ ಹೇಳುತ್ತೇನೆ, ಅವು ಎಲ್ಲರೂ ಕಂಡವೇ. ೨೦೧೯ರ ನವೆಂಬರಿನಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯವು ‘ಸುವಾಸ್’ ಎಂಬ ಸಾಧನವನ್ನು ಬಳಕೆಗೆ ತಂದು ತೀರ್ಪುಗಳನ್ನು ಕನ್ನಡವೂ ಸೇರಿದಂತೆ ದೇಶಭಾಷೆಗಳಿಗೆ ತಿರುಗಿಸುವ ಕಾರ್ಯವನ್ನು ಆರಂಭಿಸಿತು. ಕೇಂದ್ರ ಸರ್ಕಾರದ ‘ಭಾಷಿಣಿ’ ಯೋಜನೆಯು ೨೦೨೨ರಲ್ಲಿ ಉದ್ಘಾಟಿತವಾಯಿತು. ಮದರಾಸಿನ ಐ.ಐ.ಟಿ.ಯ ಸಂಶೋಧಕರು ಸಂವಿಧಾನದ ಎಂಟನೆಯ ಪರಿಚ್ಛೇದದ ಇಪ್ಪತ್ತೆರಡು ಭಾಷೆಗಳಿಗೂ ಸಲ್ಲುವ ಅನುವಾದಯಂತ್ರವನ್ನು ೨೦೨೩ರಲ್ಲಿ ಎಲ್ಲರ ಉಪಯೋಗಕ್ಕೆ ಮುಕ್ತವಾಗಿ ಬಿಟ್ಟುಕೊಟ್ಟರು. ಓದುಬರಹ ಬಾರದವನು ಮಾತಿನಿಂದಲೇ ಪ್ರಶ್ನೆಯನ್ನು ಕೇಳಿ ಮಾತಿನಿಂದಲೇ ಉತ್ತರವನ್ನು ಪಡೆಯುವ ಕಾಲ ಬಂದಿದೆ.

ಈಗ ನಾನು ಮುಖ್ಯವೆಂದು ಬಗೆದ ವಿಷಯ. ಆಕಾಂಕ್ಷೆ, ಸನ್ನಿಧಿಗಳನ್ನು ಈ ಯಂತ್ರವು ಸಾಧಿಸಿತು. ಬೆಂಕಿಯಿಂದ ನೆನೆಸುವ ವಾಕ್ಯವನ್ನು ಯಾರೂ ಬರೆಯದಿರುವುದರಿಂದ ತಾನೂ ಬರೆಯುವುದಿಲ್ಲ. ಹೀಗಾಗಿ ಯೋಗ್ಯತೆಯೂ ಬಹುಪಾಲು ಸಾಧಿಸಿದಂತಾಯಿತು. ಆದರೆ ಶಾಬ್ದಬೋಧವುಂಟಾದ ಮಾತ್ರಕ್ಕೆ ಶಬ್ದವು ಪ್ರಮಾಣವಾಗುವುದಿಲ್ಲ. ನುಡಿದವನು ಆಪ್ತನಾಗಿರಬೇಕು, ಎಂದರೆ ವಿಷಯವನ್ನು ತಾನು ಅರಿತು ಅರಿತಂತೆಯೇ ಹೇಳುವವನಾಗಿರಬೇಕು. ಯಂತ್ರದ ವಾಕ್ಯಕ್ಕೆ ನುಡಿದವನೇ ಇಲ್ಲ. ಅದು ಸಹಜವಾಗಿ ಬರಬಹುದಾದ ಪದವನ್ನು ತರುತ್ತದೆಯೇ ಹೊರತು ನಿಜವಾದ ಪದವನ್ನಲ್ಲ. ಎರಡೂ ಹಲವೊಮ್ಮೆ ಒಂದೇ ಆಗಿರುವುದು ಅದರ ಭಾಗ್ಯ, ನಮ್ಮ ಭ್ರಮೆಗೆ ಮೂಲ.

ಈ ಭೇದವು ನಮ್ಮ ವಚನಸಾಹಿತ್ಯದ ವಿಷಯದಲ್ಲಿ ಎಷ್ಟು ಗಂಭೀರವೆಂಬುದನ್ನು ನೋಡಿ. ಒಂದು ಸಂವಾದಯಂತ್ರವನ್ನು ಕುರಿತು, ಕೆರೆಯ ದೃಷ್ಟಾಂತವಿರುವ ಬಸವಣ್ಣನವರ ವಚನವೊಂದನ್ನು ಕೊಡೆಂದು ಕೇಳಿದಾಗ ಅದು ಕ್ಷಣಾರ್ಧದಲ್ಲಿ ಆರು ಸಾಲುಗಳನ್ನು ಅಂಕಿತಸಹಿತವಾಗಿ ಒಪ್ಪಿಸಿತು. ಸಂಪುಟದಲ್ಲಿ ಎಷ್ಟು ಹುಡುಕಿದರೂ ಅಂತಹ ವಚನವಿಲ್ಲ. ಭಾಷೆಯೇ ಅದರ ಗುಟ್ಟನ್ನು ಹೊರಗೆಡಹಿತ್ತು. ‘ಮಾಡುತ್ತಾನೆ’ ಎಂಬ ಹೊಸಗನ್ನಡದ ವರ್ತಮಾನರೂಪ ಒಂದು ಕಡೆ; ಇಂದಿನ ಭಾಷಣಗಳಲ್ಲಿ ಕೇಳಿಬರುವ ಅರ್ಥದಲ್ಲಿ ‘ಸಮಾನತೆ’ ಎಂಬ ಪದ ಇನ್ನೊಂದು ಕಡೆ. ನಡುಗನ್ನಡದ ಕ್ರಿಯಾರೂಪಗಳನ್ನು ಬಲ್ಲವನಿಗೆ ಇದು ತಿಳಿಯುತ್ತದೆ. ಹತ್ತನೆಯ ತರಗತಿಯ ಬಾಲಕನಿಗೆ ಹೇಗೆ ತಿಳಿಯಬೇಕು? ಅವನು ಅದನ್ನು ಬರೆದುಕೊಂಡು ಶರಣರ ಜಯಂತಿಯ ಸಭೆಯಲ್ಲಿ ಹೇಳುತ್ತಾನೆ, ಮತ್ತೊಬ್ಬನು ಅದನ್ನು ಅಚ್ಚುಮಾಡಿಸುತ್ತಾನೆ, ಮುಂದೆ ಬರುವ ಯಂತ್ರವು ಅಚ್ಚಾದುದನ್ನು ಓದಿ ಕಲಿಯುತ್ತದೆ. ಅಂಕಿತವೆಂಬುದು ಕೇವಲ ಮುದ್ರೆಯಲ್ಲ. ಆ ಮಾತಿಗೆ ತನ್ನ ನಡೆಯನ್ನು ಒತ್ತೆಯಿಟ್ಟವನೊಬ್ಬನು ಇದ್ದನೆಂಬುದರ ಗುರುತು. ಅದನ್ನು ಹೀಗೆ ಬಿಡಿಯಾಗಿ ಅಂಟಿಸಲು ಬರುವಂತಾದರೆ ಉಳಿಯುವುದೇನು?

ವಚನಗಳ ಪಾಠವು ನಮ್ಮ ಕೈಗೆ ಬಂದ ಬಗೆಯನ್ನು ಇಲ್ಲಿ ಸ್ಮರಿಸಬೇಕು. ಫ. ಗು. ಹಳಕಟ್ಟಿಯವರು ಮನೆಮನೆ ಮಠಮಠಗಳನ್ನು ಅಲೆದು ತಾಡಪತ್ರಗಳನ್ನು ಸಂಗ್ರಹಿಸಿ ೧೯೨೩ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಹೊರತಂದರು. ೧೯೨೬ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಎಪ್ಪತ್ತು ವರ್ಷಗಳ ಅನಂತರ, ೧೯೯೩ರಲ್ಲಿ, ಕರ್ನಾಟಕ ಸರ್ಕಾರವು ಹದಿನೈದು ಸಂಪುಟಗಳಲ್ಲಿ ಸಮಗ್ರ ವಚನಸಾಹಿತ್ಯವನ್ನು ಪ್ರಕಟಿಸಿತು. ಈ ನಡುವಣ ಕಾಲದಲ್ಲಿ ಎಷ್ಟೋ ವಿದ್ವಾಂಸರು ಪ್ರತಿ ಪ್ರತಿಯನ್ನು ಹೋಲಿಸಿ, ಪಾಠಾಂತರಗಳನ್ನು ಗುರುತಿಸಿ, ಪ್ರಕ್ಷಿಪ್ತಗಳನ್ನು ಬೇರ್ಪಡಿಸಲು ಕಣ್ಣು ಸವೆಸಿದ್ದಾರೆ. ಶೂನ್ಯಸಂಪಾದನೆಯೊಂದೇ ನಾಲ್ವರ ಕೈಯಲ್ಲಿ ನಾಲ್ಕು ಪರಿಷ್ಕರಣಗಳನ್ನು ಪಡೆಯಿತು. ಆ ಸಂಪಾದಕರೂ ವಚನಗಳ ಕ್ರಮವನ್ನು ಬದಲಿಸಿದರು, ಕೂಡಿಸಿದರು ಎಂದು ಯಾರಾದರೂ ಆಕ್ಷೇಪಿಸಬಹುದು. ನಿಜ, ಆದರೆ ಸಂಪಾದಕ ಯಾರೆಂಬುದು ನಮಗೆ ಗೊತ್ತು, ಒಂದನ್ನು ಮತ್ತೊಂದರೊಡನೆ ಇಟ್ಟು ನೋಡಲು ಪ್ರತಿಗಳಿವೆ.

ಅದೇ ತಂತ್ರಜ್ಞಾನವನ್ನು ಸರಿಯಾದ ಕಡೆಗೆ ಹೂಡಿದರೆ ಆಗುವ ಉಪಕಾರವೂ ಇದೇ ಕ್ಷೇತ್ರದಲ್ಲಿದೆ. ‘ವಚನ ಸಂಚಯ’ವೆಂಬ ಜಾಲತಾಣದಲ್ಲಿ ಒಂದು ಪದವನ್ನು ಕೊಟ್ಟರೆ ಅದು ಬಂದಿರುವ ವಚನಗಳು ಕಣ್ಣಮುಂದೆ ನಿಲ್ಲುತ್ತವೆ. ಒಂದು ಪದಪ್ರಯೋಗಕೋಶವನ್ನು ಕೈಯಿಂದ ಸಿದ್ಧಪಡಿಸಲು ಚೀಟಿಗಳನ್ನು ಬರೆದು ಅಕಾರಾದಿಯಾಗಿ ಜೋಡಿಸುತ್ತ ಆಯುಷ್ಯ ಕಳೆದವರನ್ನು ನಾವು ಬಲ್ಲೆವು. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿನ ಎಂಟು ಸಂಪುಟಗಳು ಪ್ರಕಟವಾಗಿ ಮುಗಿಯಲು ೧೯೭೦ರಿಂದ ೧೯೯೫ರವರೆಗೆ ಕಾಲ ಹಿಡಿಯಿತು. ಎಣಿಸುವ, ಹುಡುಕುವ, ಹೋಲಿಸುವ ಕೆಲಸದಲ್ಲಿ ಗಣಕಕ್ಕೆ ಸರಿಸಾಟಿಯಿಲ್ಲ. ಉತ್ತರವನ್ನು ಹುಟ್ಟಿಸೆಂದು ಕೇಳುವುದು ಬೇರೆ, ಇರುವಲ್ಲಿಂದ ತೆಗೆದು ತೋರಿಸೆಂದು ಕೇಳುವುದು ಬೇರೆ. ನಮ್ಮ ಶಾಲೆಯಲ್ಲಿ ವಚನವನ್ನು ಉದ್ಧರಿಸುವ ವಿದ್ಯಾರ್ಥಿಯು ಸಂಪುಟದ ಸಂಖ್ಯೆಯನ್ನೂ ವಚನದ ಸಂಖ್ಯೆಯನ್ನೂ ಬರೆಯತಕ್ಕದ್ದೆಂಬ ನಿಯಮವನ್ನು ಉಪಾಧ್ಯಾಯರು ಈ ವರ್ಷದಿಂದಲೇ ಜಾರಿಗೆ ತರಬಹುದು. ಅದಕ್ಕೆ ವೆಚ್ಚವೇನೂ ತಗಲುವುದಿಲ್ಲ.

ವೆಚ್ಚ ತಗಲುವ ಕೆಲಸವೊಂದಿದೆ, ಅದನ್ನು ಮಹಾದಾನಿಗಳ ಗಮನಕ್ಕೆ ತರದಿರಲಾರೆ. ಶಾಲೆಗಳಿಗೆ ಗಣಕಯಂತ್ರಗಳನ್ನು ಕೊಡುವವರು ಇಂದು ಕಡಿಮೆಯಿಲ್ಲ. ಆ ಯಂತ್ರಕ್ಕೆ ಉಣಿಸತಕ್ಕ ಶುದ್ಧಪಾಠವನ್ನು ತಿದ್ದಿ ಸಿದ್ಧಪಡಿಸುವವರಿಗೆ ವೇತನವನ್ನು ಕೊಡುವವರು ವಿರಳ. ಮಠಗಳ ಪೆಟ್ಟಿಗೆಗಳಲ್ಲಿರುವ ತಾಡಪತ್ರಗಳನ್ನು ಯಂತ್ರವು ತಾನಾಗಿ ಓದಲಾರದು. ಅಲ್ಲಿ ಪದಗಳ ನಡುವೆ ಅಂತರವಿಲ್ಲ. ಎಕಾರ ಒಕಾರಗಳಲ್ಲಿ ಹ್ರಸ್ವ ದೀರ್ಘಗಳನ್ನು ಬೇರ್ಪಡಿಸಿ ಬರೆಯುವ ರೂಢಿಯೂ ಬಹುಮಟ್ಟಿಗೆ ಇರಲಿಲ್ಲ. ಮೊದಲು ಒಬ್ಬ ಲಿಪಿಜ್ಞನು ಸಾವಿರಾರು ಗರಿಗಳನ್ನು ಓದಿ ಬರೆದುಕೊಡಬೇಕು; ಆ ಮಾದರಿಯಿಂದ ಯಂತ್ರವು ಕಲಿಯಬೇಕು; ಯಂತ್ರದ ಓದನ್ನು ಮತ್ತೆ ಲಿಪಿಜ್ಞನೇ ತಿದ್ದಬೇಕು. ಹಾಗೆ ಓದಬಲ್ಲವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ. ಶ್ರೀಮಠದ ಗ್ರಂಥಭಂಡಾರದ ಕಟ್ಟುಗಳಿಗೆ ಈ ಕಾರ್ಯವನ್ನು ಕೈಕೊಳ್ಳುವುದಾದರೆ ಪ್ರತಿ ಗರಿಯ ಎರಡೂ ಮುಖಗಳ ಛಾಯಾಚಿತ್ರ, ಅದರ ಕೆಳಗೆ ಗರಿಯಲ್ಲಿರುವಂತೆಯೇ ಅಕ್ಷರಶಃ ಪಾಠ, ಅದರ ಕೆಳಗೆ ಪದವಿಭಾಗ ಮಾಡಿದ ಪಾಠ, ಕೊನೆಗೆ ಕಟ್ಟಿನ ಸಂಖ್ಯೆ, ಲಿಪಿಕಾರನ ಹೆಸರು, ಓದಿದವನ ಹೆಸರು, ಓದಿದ ದಿನಾಂಕ ಇಷ್ಟೂ ಇರಬೇಕು. ಯಂತ್ರವು ಊಹಿಸಿ ತುಂಬಿದ ಅಕ್ಷರವನ್ನು ಬೇರೆ ಬಣ್ಣದಲ್ಲಿ ಮುದ್ರಿಸಬೇಕು. ಮೊದಲ ಹಂತಕ್ಕೆ ಛಾಯಾಚಿತ್ರದ ಒಂದು ಉಪಕರಣ, ಹಳೆಯ ಲಿಪಿಯನ್ನು ಓದಬಲ್ಲ ಒಬ್ಬ ವಿದ್ವಾಂಸ ಮತ್ತು ಅವನ ಬಳಿ ಕುಳಿತು ಕಲಿಯುವ ಇಬ್ಬರು ತರುಣರು ಸಾಕಾಗುತ್ತಾರೆ.